ಹತ್ತು ನಿಮಿಷ ಗುಂಡು ನೆಲಕ್ಕಿಡದೆ: ಕೆಟಲ್‌ಬೆಲ್ಲಿನಲ್ಲಿ ದಮ್ಮು ಕಟ್ಟುವ ಸಮಗ್ರ ಮಾರ್ಗದರ್ಶಿ

ನಮ್ಮಜ್ಜಿ ಒನಕೆ ಹಿಡಿದರೆ ಅರ್ಧ ಗಂಟೆ ಬಿಡುತ್ತಿರಲಿಲ್ಲ. ಎತ್ತುವಾಗ ಉಸಿರು ಒಳಕ್ಕೆ, ಕುಟ್ಟುವಾಗ ‘ಹುಂ’ ಅಂತ ಹೊರಕ್ಕೆ. ಬಲಗೈ ಸೋಲುವ ಮುಂಚೆಯೇ ಒನಕೆ ಎಡಗೈಗೆ ಹೋಗಿರುತ್ತಿತ್ತು, ಲಯ ಒಂದಿಷ್ಟೂ ತಪ್ಪುತ್ತಿರಲಿಲ್ಲ. ಕಾಲೇಜು ಹುಡುಗ ನಾನು ಪೌರುಷ ತೋರಿಸಲು ಹೋಗಿ ಐದು ನಿಮಿಷಕ್ಕೇ ಏದುಸಿರು ಬಿಡುತ್ತ ಜಗಲಿಯ ಮೇಲೆ ಕೂತಿದ್ದೆ. ಬಲ ನನಗೇ ಹೆಚ್ಚಿತ್ತು. ದಮ್ಮು ಅಜ್ಜಿಗಿತ್ತು.

ಜಿಮ್ಮಿನವರು ವರ್ಕ್ ಕೆಪಾಸಿಟಿ ಎನ್ನುವುದು ಈ ದಮ್ಮಿಗೇ. ಎಷ್ಟು ಭಾರ ಎತ್ತಬಲ್ಲಿರಿ ಎನ್ನುವುದು ಇಲ್ಲಿ ಪ್ರಶ್ನೆಯಲ್ಲ. ಒಂದು ಹದವಾದ ಭಾರವನ್ನು ಎಷ್ಟು ಹೊತ್ತು, ರೀತಿ ಕೆಡದೆ ಎತ್ತಬಲ್ಲಿರಿ, ನಾಳೆ ಎದ್ದು ಮತ್ತೆ ಎತ್ತಬಲ್ಲಿರಾ ಎನ್ನುವುದು ಪ್ರಶ್ನೆ. ಅದನ್ನು ಬೆಳೆಸಿಕೊಳ್ಳಲು ಒಂದೇ ಒಂದು ಕೆಟಲ್‌ಬೆಲ್ (ಮೇಲೆ ಹಿಡಿಕೆಯಿರುವ ಕಬ್ಬಿಣದ ಗುಂಡು), ಸೆಕೆಂಡಿನ ಮುಳ್ಳಿರುವ ಒಂದು ಗೋಡೆ ಗಡಿಯಾರ, ಹನ್ನೆರಡು ವಾರ ಸಾಕು. ಗುರಿ ಇಷ್ಟು: ಹತ್ತು ನಿಮಿಷ ಗುಂಡನ್ನು ನೆಲಕ್ಕಿಡದೆ ಎತ್ತುತ್ತಿರಬೇಕು.

ಹತ್ತೇ ನಿಮಿಷ ಯಾಕೆ

ಇದು ರಷ್ಯಾದ ಲೆಕ್ಕ. ಅಲ್ಲಿ ಕೆಟಲ್‌ಬೆಲ್ಲಿಗೆ ಗಿರ್ಯಾ ಎಂದು ಹೆಸರು. ಮೂಲತಃ ಸಂತೆಯಲ್ಲಿ ಧಾನ್ಯ ತೂಗುವ ಬಟ್ಟು. ಅದರ ಅಳತೆ ಪೂದ್, ಅಂದರೆ ಸುಮಾರು 16.38 ಕೆಜಿ. ಇವತ್ತಿಗೂ ಪಂದ್ಯದ ಗುಂಡುಗಳು 16, 24, 32 ಕೆಜಿ ಇರುವುದು ಒಂದು, ಒಂದೂವರೆ, ಎರಡು ಪೂದಿನ ಹಳೆಯ ಲೆಕ್ಕದಿಂದಲೇ. ಸಂತೆಯಲ್ಲಿ ಬಲ ತೋರಿಸುವ ಪಂದ್ಯವಾಗಿದ್ದದ್ದು ಸೋವಿಯತ್ ಕಾಲದಲ್ಲಿ ಗಿರೆವಾಯ್ ಎಂಬ ಕ್ರೀಡೆಯಾಯಿತು. 1985ರಲ್ಲಿ ಲಿಪೆತ್ಸ್ಕ್ ನಗರದಲ್ಲಿ ಮೊದಲ ಸೋವಿಯತ್ ಚಾಂಪಿಯನ್‌ಷಿಪ್ ನಡೆಯಿತು. ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದೂ ಇದೇ ಜಾತಿಯ ಆಟ, ಆದರೆ ಅಲ್ಲಿ ಒಂದು ಎತ್ತಿಗೆ ತೀರ್ಮಾನ. ಗಿರೆವಾಯ್‌ನಲ್ಲಿ ಗಡಿಯಾರ ಹತ್ತು ನಿಮಿಷ ಓಡುತ್ತದೆ, ಎಷ್ಟು ಸಲ ಎತ್ತಿದಿರಿ ಎಂದು ತೀರ್ಪುಗಾರ ಎಣಿಸುತ್ತಾನೆ, ಗುಂಡು ನೆಲ ಮುಟ್ಟಿತೋ ಅಲ್ಲಿಗೆ ನಿಮ್ಮ ಆಟ ಮುಗಿಯಿತು. ಮೇಲ್ದರ್ಜೆಯ ಗಂಡಸರು ಎರಡೂ ಕೈಯಲ್ಲಿ 32 ಕೆಜಿ ಹಿಡಿಯುತ್ತಾರೆ. ಗ್ಯಾಸ್ ತುಂಬಿದ ಅಡುಗೆ ಸಿಲಿಂಡರ್ ಒಂದೊಂದು ಕೈಗೆ ಒಂದೊಂದು ಅಂದುಕೊಳ್ಳಿ.

ಹತ್ತು ನಿಮಿಷಕ್ಕೆ ದೇಹದ ಕಡೆಯಿಂದಲೂ ಅರ್ಥವಿದೆ. ಸ್ನಾಯುವಿನಲ್ಲಿ ತಕ್ಷಣಕ್ಕೆಂದು ಕೂಡಿಟ್ಟ ಇಂಧನ ಜೋರಿನ ಕೆಲಸದಲ್ಲಿ ಕೆಲವೇ ಸೆಕೆಂಡು ಬರುತ್ತದೆ. ಎರಡು ನಿಮಿಷ ದಾಟಿದ ಮೇಲೆ ಬಹುಪಾಲು ಶಕ್ತಿ ಆಮ್ಲಜನಕ ಬಳಸಿಯೇ ಹುಟ್ಟಬೇಕು. ಹಾಗಾಗಿ ಹತ್ತು ನಿಮಿಷದ ಸೆಟ್ಟು, ಅಂದರೆ ಬಿಡದೆ ಎತ್ತುವ ಒಂದು ಸರದಿ, ಹೃದಯಕ್ಕೂ ಕೆಲಸ, ಕಾಲು, ಬೆನ್ನು, ಹೆಗಲು, ಮುಷ್ಟಿಗೂ ಕೆಲಸ. ಓಟದಲ್ಲಿ ಮುಷ್ಟಿಗೆ ಕೆಲಸವಿಲ್ಲ, ಐದೈದು ರೆಪ್ಸಿನ (ಒಂದು ಸಲ ಎತ್ತಿದರೆ ಒಂದು ರೆಪ್) ಭಾರ ಎತ್ತುವಿಕೆಯಲ್ಲಿ ಶ್ವಾಸಕ್ಕೆ ಇಷ್ಟು ಕೆಲಸವಿಲ್ಲ.

ಶುರು ಮಾಡುವ ಮುಂಚೆ

ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಇತ್ತೀಚೆಗೆ ಡಿಸ್ಕ್ ಜಾರಿದ್ದು, ಗರ್ಭಿಣಿ ಅಥವಾ ಹೊಸ ಬಾಣಂತಿ: ಮೊದಲು ಡಾಕ್ಟರ ಮಾತು, ಆಮೇಲೆ ಗುಂಡು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ದೀರ್ಘ ಸೆಟ್ಟಿನಲ್ಲಿ ಸಕ್ಕರೆ ಕುಸಿಯಬಹುದಾದ್ದರಿಂದ ಡಾಕ್ಟರನ್ನು ಕೇಳಿಕೊಳ್ಳಲೇಬೇಕು.

ಆಮೇಲೆ ಹೆಗಲಿನ ಪರೀಕ್ಷೆ. ಗೋಡೆಗೆ ಬೆನ್ನು ಅಂಟಿಸಿ ನಿಂತು, ಸೊಂಟದ ಹಿಂಭಾಗ ಗೋಡೆಯಿಂದ ಬಿಲ್ಲಿನಂತೆ ಏಳದ ಹಾಗೆ, ಒಂದು ಕೈಯನ್ನು ಕಿವಿಯ ಪಕ್ಕಕ್ಕೆ ನೇರ ಎತ್ತಿ. ತೋಳು ಕಿವಿಯ ತನಕ ಬರದಿದ್ದರೆ ಸದ್ಯಕ್ಕೆ ತಲೆಯ ಮೇಲೆ ಎತ್ತುವುದು ಬೇಡ. ಕೆಳಗೆ ಹೇಳುವ ಯೋಜನೆಯನ್ನೇ ಕ್ಲೀನ್ ತನಕ, ಅಂದರೆ ಗುಂಡನ್ನು ಎದೆಗೆ ತರುವ ತನಕ ಮಾತ್ರ ಮಾಡಿ, ಜೊತೆಗೆ ದಿನವೂ ಹೆಗಲು ಸಡಿಲಿಸಿ.

ಯಾವ ಗುಂಡು

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಎರಕದ ಕಬ್ಬಿಣದವು ಭಾರ ಹೆಚ್ಚಿದಂತೆ ದಪ್ಪವಾಗುತ್ತವೆ. ಪಂದ್ಯದ ಉಕ್ಕಿನವು ಎಷ್ಟೇ ಭಾರವಿದ್ದರೂ ಒಂದೇ ಗಾತ್ರ, ಬಣ್ಣದಿಂದ ಗುರುತು: 16 ಹಳದಿ, 24 ಹಸಿರು, 32 ಕೆಂಪು. ದೀರ್ಘ ಸೆಟ್ಟಿಗೆ ಎರಡನೆಯದು ಮೇಲು, ಯಾಕೆಂದರೆ ಗುಂಡು ಮುಂಗೈಯಲ್ಲಿ ಒರಗುವ ಜಾಗ ಬದಲಾಗುವುದಿಲ್ಲ. ದುಡ್ಡು ಜಾಸ್ತಿ. ಹಿಡಿಕೆ ನಯವಾಗಿರುವ, ಅಚ್ಚಿನ ಗೆರೆ ಎದ್ದು ನಿಲ್ಲದ ಎರಕದ ಗುಂಡೂ ನಡೆಯುತ್ತದೆ. ಪ್ಲಾಸ್ಟಿಕ್ ಹೊದಿಸಿ ಒಳಗೆ ಸಿಮೆಂಟು ತುಂಬಿದ್ದನ್ನು ಮಾತ್ರ ತರಬೇಡಿ. ಅದರ ಹಿಡಿಕೆ ಅಂಗೈ ಚರ್ಮ ಕೀಳುತ್ತದೆ.

ಗಂಡಸರು ಸಾಮಾನ್ಯವಾಗಿ 12 ಅಥವಾ 16, ಹೆಂಗಸರು 8 ಅಥವಾ 12ರಿಂದ ಶುರು ಮಾಡಬಹುದು. ಅನುಮಾನವಿದ್ದರೆ ಹೀಗೆ ಪರೀಕ್ಷಿಸಿ: ಗುಂಡನ್ನು ಎದೆಯ ಬಳಿ ಒಂದು ನಿಮಿಷ, ತಲೆಯ ಮೇಲೆ ಅರ್ಧ ನಿಮಿಷ, ಒಂದೊಂದೇ ಕೈಯಲ್ಲಿ, ಎರಡೂ ಕಡೆ ನಡುಗದೆ ಹಿಡಿಯಲಾಗಬೇಕು. ಆಗದಿದ್ದರೆ ಒಂದು ಮೆಟ್ಟಿಲು ಇಳಿಯಿರಿ. ನಾನು ಇಳಿಯಲಿಲ್ಲ, ಅಂಗಡಿಯವನ ಎದುರು ಮರ್ಯಾದೆಗೆ ಹೆದರಿ 20 ತಂದು ಆರು ವಾರ ಹಾಳು ಮಾಡಿದೆ.

ಗುಂಡಿನ ಕೆಳಗೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ಅಪಾರ್ಟ್‌ಮೆಂಟಿನವರಿಗೆ ಈ ವ್ಯಾಯಾಮದಲ್ಲಿ ಒಂದು ಪುಣ್ಯವಿದೆ: ನೆಲಕ್ಕಿಡುವುದೇ ಇಲ್ಲವಾದ್ದರಿಂದ ಕೆಳಗಿನ ಮನೆಯವರ ಜೊತೆ ಜಗಳವೂ ಇಲ್ಲ.

ಒಂದು ರೆಪ್ಪಿನ ಒಳಗೆ

ನಾವು ಮಾಡುವುದು ಲಾಂಗ್ ಸೈಕಲ್: ಗುಂಡನ್ನು ಕಾಲುಗಳ ನಡುವಿನಿಂದ ಎದೆಗೆ ತರುವುದು, ಎದೆಯಿಂದ ತಲೆಯ ಮೇಲೆ, ಮತ್ತೆ ಎದೆಗೆ, ಮತ್ತೆ ಕೆಳಗೆ. ಇದನ್ನೇ ಆಯ್ದುಕೊಂಡದ್ದಕ್ಕೆ ಕಾರಣವಿದೆ. ಈ ಸುತ್ತಿನಲ್ಲಿ ಎರಡು ಕಡೆ ಬಿಡುವು ಸಿಗುತ್ತದೆ, ಒಂದು ಎದೆಯ ಬಳಿ, ಇನ್ನೊಂದು ತಲೆಯ ಮೇಲೆ. ಗುಂಡು ಕೈಯಲ್ಲಿರುವಾಗಲೇ ವಿಶ್ರಾಂತಿ ತೆಗೆದುಕೊಳ್ಳಲು ಕಲಿಯುವುದೇ ಇಡೀ ವಿದ್ಯೆ. ಸೆಟ್ಟು ಮುರಿಯುವುದು ಬಹುತೇಕ ಬಲ ಸಾಲದೆ ಅಲ್ಲ, ಈ ಎರಡು ತಂಗುದಾಣಗಳನ್ನು ಹಾರಿಸಿಬಿಡುವುದರಿಂದ.

ತೂಗು. ಪಾದಗಳು ಹೆಗಲಗಲ. ಕೈಯಲ್ಲಿ ಸಾರಿನ ಪಾತ್ರೆ ಇರುವಾಗ ಅಡುಗೆಮನೆ ಬಾಗಿಲನ್ನು ಕುಂಡೆಯಿಂದ ನೂಕುತ್ತೀರಲ್ಲ, ಹಾಗೆ ಸೊಂಟವನ್ನು ಹಿಂದಕ್ಕೆ ಕೊಡಿ. ಬೆನ್ನು ಉದ್ದವಾಗಿಯೇ ಇರಲಿ. ಗುಂಡು ಮೊಣಕಾಲಿಗಿಂತ ಮೇಲೆ, ತೊಡೆಸಂದಿನ ಹತ್ತಿರ ಹಿಂದಕ್ಕೆ ಹೋಗಲಿ. ಹೆಬ್ಬೆರಳು ಹಿಂದಕ್ಕೆ ತಿರುಗಿರಲಿ. ಹಿಡಿತ ಸಡಿಲ, ಬೆರಳು ಕೊಕ್ಕೆಯಂತಿದ್ದರೆ ಸಾಕು.

ಕ್ಲೀನ್. ಕಾಲು, ಸೊಂಟದ ತಳ್ಳುವಿಕೆಯಿಂದ ಗುಂಡು ಮೇಲೇಳುತ್ತದೆ. ಮೊಣಕೈ ಪಕ್ಕೆಲುಬಿಗೆ ಹತ್ತಿರವಿದ್ದರೆ ಗುಂಡು ಕೈಯ ಸುತ್ತ ಹೊರಳಿ ಮೆತ್ತಗೆ ಬಂದು ಕೂರುತ್ತದೆ. ಗುಂಡು ಕವುಚಿ ಮಣಿಕಟ್ಟಿಗೆ ‘ಟಪ್’ ಎಂದು ಬಡಿಯುತ್ತಿದೆಯೇ? ಒಂದೋ ಕೈ ದೂರ ಹೋಗಿದೆ, ಇಲ್ಲವೇ ಹಿಡಿಕೆಯೊಳಗೆ ಅಂಗೈ ತೂರಿಸುವುದು ತಡವಾಗುತ್ತಿದೆ. ಮೊದಲ ವಾರ ಎಲ್ಲರಿಗೂ ಮುಂಗೈ ನೀಲಿಗಟ್ಟುತ್ತದೆ. ಎರಡನೇ ವಾರವೂ ಗಟ್ಟಿದರೆ ವಿಡಿಯೊ ತೆಗೆದು ನೋಡಿಕೊಳ್ಳಿ.

ರ್‍ಯಾಕ್, ಅಂದರೆ ಎದೆಯ ಬಳಿಯ ತಂಗುದಾಣ. ಹಿಡಿಕೆ ಅಂಗೈಗೆ ಓರೆಯಾಗಿ, ಮಣಿಕಟ್ಟು ನೇರ, ಗುಂಡು ಮುಂಗೈ ಮತ್ತು ತೋಳಿನ ಸಂದಿನಲ್ಲಿ. ಮೊಣಕಾಲು ನೇರ ಮಾಡಿ, ಸೊಂಟವನ್ನು ತುಸು ಮುಂದಕ್ಕೆ ಕೊಟ್ಟು, ಮೊಣಕೈಯನ್ನು ಸೊಂಟದ ಮೂಳೆಯ ಮೇಲೆ ಊರಿ. ತಾಯಂದಿರು ಮಗುವನ್ನು ಕಂಕುಳಲ್ಲಿ ಕೂರಿಸಿಕೊಂಡು ಅರ್ಧ ಗಂಟೆ ಹರಟುವುದಿಲ್ಲವೇ, ಭಾರ ಮೂಳೆಯ ಮೇಲಿರುತ್ತದೆ, ತೋಳಿನ ಮೇಲಲ್ಲ. ಇಲ್ಲಿಯೂ ಅದೇ. ಬೆರಳುಗಳನ್ನು ಬಿಚ್ಚಿ ಆಡಿಸಲು ಬರಬೇಕು. ಮೊಣಕೈ ಸೊಂಟ ಮುಟ್ಟದ ಮೈಕಟ್ಟಿನವರೂ ಇರುತ್ತಾರೆ. ಪಂದ್ಯದವರು ಇದಕ್ಕೆಂದೇ ದಪ್ಪ ಬೆಲ್ಟ್ ಕಟ್ಟಿ ಅದರ ಅಂಚಿಗೆ ಮೊಣಕೈ ಊರುತ್ತಾರೆ. ಈ ಒಂದು ಭಂಗಿಗೆ ಮೊದಲ ಎರಡು ವಾರ ದಿನಕ್ಕೆ ಎರಡೆರಡು ನಿಮಿಷ ಬರೀ ನಿಂತು ಅಭ್ಯಾಸ ಮಾಡಿ. ಬೇಜಾರಿನ ಕೆಲಸ, ಆದರೆ ಎಂಟನೇ ನಿಮಿಷದಲ್ಲಿ ಕೈ ಹಿಡಿಯುವುದು ಇದೇ.

ಜರ್ಕ್. ಹಿಮ್ಮಡಿ ಎತ್ತದೆ ಮೊಣಕಾಲನ್ನು ನಾಲ್ಕು ಬೆರಳಿನಷ್ಟು ಥಟ್ಟನೆ ಬಾಗಿಸಿ, ಅಷ್ಟೇ ಥಟ್ಟನೆ ನೇರ ಮಾಡಿ. ಗುಂಡು ಎದೆಯಿಂದ ಚಿಮ್ಮುತ್ತದೆ. ಅದು ಹಣೆಯ ಮಟ್ಟಕ್ಕೆ ಬರುವಾಗ ಮತ್ತೊಮ್ಮೆ ಮೊಣಕಾಲು ಬಾಗಿಸಿ ಅದರಡಿ ನುಸುಳಿ, ಮೊಣಕೈ ಬೀಗ ಹಾಕಿದಂತೆ ನೇರವಾಗಲಿ, ಆಮೇಲೆ ಎದ್ದು ನಿಲ್ಲಿ. ಹೆಗಲಿನಿಂದ ದೂಡಿದರೆ ಮೂರೇ ನಿಮಿಷದಲ್ಲಿ ಹೆಗಲು ಸುಡುತ್ತದೆ. ಅರ್ಧ ದಾರಿ ಕಾಲು ಕಳಿಸಲಿ, ಉಳಿದರ್ಧಕ್ಕೆ ನೀವೇ ಕುಗ್ಗಿ.

ತಲೆಯ ಮೇಲಿನ ನಿಲುಗಡೆ. ತೋಳು ಕಿವಿಯ ಪಕ್ಕ, ಗುಂಡು ಮಣಿಕಟ್ಟಿನ ಹಿಂಬದಿಗೆ ಒರಗಿ, ಮೊಣಕಾಲು ನೇರ. ಪಂದ್ಯದಲ್ಲಿ ಇಲ್ಲಿ ಸ್ತಬ್ಧವಾಗಿ ನಿಲ್ಲದಿದ್ದರೆ ರೆಪ್ ಲೆಕ್ಕಕ್ಕಿಲ್ಲ. ಮನೆಯಲ್ಲೂ ಆ ನಿಯಮ ಇಟ್ಟುಕೊಳ್ಳಿ.

ಇಳಿಕೆ. ತುಸು ಹಿಮ್ಮಡಿ ಎತ್ತಿ ಗುಂಡನ್ನು ಎದುರುಗೊಂಡು ಎದೆಗೆ ಜಾರಿಸಿಕೊಳ್ಳಿ, ಹಿಮ್ಮಡಿ ಊರಿ, ನಂತರ ಕೆಳಕ್ಕೆ ತೂಗಿಗೆ ಬಿಡಿ. ಬಿಗಿಹಿಡಿದು ಇಳಿಸಬೇಡಿ.

ಉಸಿರು

ಮೈ ಮುದುಡಿದಾಗ ಹೊರಕ್ಕೆ, ಮೈ ಬಿಚ್ಚಿದಾಗ ಒಳಕ್ಕೆ. ಜರ್ಕ್‌ನ ಮೊದಲ ಬಾಗಿಗೆ ಹೊರಕ್ಕೆ, ಗುಂಡು ಚಿಮ್ಮುವಾಗ ಒಳಕ್ಕೆ, ಅಡಿಗೆ ನುಸುಳುವಾಗ ಹೊರಕ್ಕೆ, ಎದ್ದು ನಿಂತು ಒಳಕ್ಕೆ, ಎದೆಗೆ ಇಳಿಸುವಾಗ ಹೊರಕ್ಕೆ. ಭಾರ ಎತ್ತುವ ಪೈಲ್ವಾನರಂತೆ ಹೊಟ್ಟೆಯಲ್ಲಿ ಉಸಿರು ಕಟ್ಟಿ ಮಾಡಿದರೆ ಹತ್ತು ನಿಮಿಷ ಸಾಗುವುದಿಲ್ಲ. ಇದರ ಮೇಲೆ ಪ್ರತಿ ರ್‍ಯಾಕ್‌ನಲ್ಲಿ ಒಂದೋ ಎರಡೋ ಪೂರ್ತಿ ಉಸಿರು. ಆ ಉಸಿರುಗಳು ಎಷ್ಟು ಎನ್ನುವುದೇ ನಿಮ್ಮ ವೇಗ.

ಗಡಿಯಾರದ ಲೆಕ್ಕ

ವೇಗವನ್ನು ನಿಮಿಷಕ್ಕೆ ಇಷ್ಟು ರೆಪ್ ಎಂದು ಮೊದಲೇ ನಿಗದಿ ಮಾಡಬೇಕು. ಶುರುವಿಗೆ ನಿಮಿಷಕ್ಕೆ 6. ಗೋಡೆ ಗಡಿಯಾರದ ಮುಳ್ಳು 12, 2, 4, 6, 8, 10 ಮುಟ್ಟಿದಾಗಲೆಲ್ಲ ಒಂದು ಜರ್ಕ್. ಎಂಟಕ್ಕೆ ಏರಿಸುವಾಗ 12, 3, 6, 9ರಿಂದ ಶುರುವಾಗುವ ಪ್ರತಿ ಕಾಲು ನಿಮಿಷಕ್ಕೆ ಎರಡೆರಡು. ಹತ್ತು ಎಂದರೆ ಆರು ಸೆಕೆಂಡಿಗೊಂದು. ಮೊಬೈಲಿನ ಟೈಮರ್ ಆದರೂ ಸರಿ, ಆದರೆ ನಡುವೆ ಫೋನ್ ಬಂದರೆ ಸೆಟ್ಟು ಹಾಳು. ನನಗೆ ಮುಳ್ಳೇ ಪ್ರೀತಿ.

ಮೊದಲ ನಿಮಿಷ ನಾಚಿಕೆಯಾಗುವಷ್ಟು ನಿಧಾನ ಅನಿಸುತ್ತದೆ. ಅನಿಸಲಿ. ನನ್ನ ಮೊದಲ ಹತ್ತು ನಿಮಿಷದ ಪ್ರಯತ್ನದಲ್ಲಿ ಮೊದಲ ನಿಮಿಷ 14 ಎತ್ತಿದೆ, ಎರಡನೆಯದರಲ್ಲಿ 11, ಮೂರನೆಯದರ ನಡುವೆ ಮುಂಗೈ ಕಲ್ಲಾಗಿ ಬೆರಳು ತಾನಾಗಿ ಬಿಚ್ಚಿಕೊಂಡಿತು. ಒಟ್ಟು 29. ಅದಾಗಿ ಎರಡು ತಿಂಗಳಿಗೆ ಅದೇ ಗುಂಡಿನಲ್ಲಿ ನಿಮಿಷಕ್ಕೆ 6ರಂತೆ ಹತ್ತು ನಿಮಿಷ ಮುಗಿಸಿದಾಗ ಒಟ್ಟು 60, ಮಾತಾಡಲೂ ಬರುತ್ತಿತ್ತು.

ಪುಸ್ತಕದಲ್ಲಿ ಬರೆದಿಡಬೇಕಾದ್ದು ನಾಲ್ಕು: ಗುಂಡಿನ ತೂಕ, ಹೊತ್ತು, ಒಟ್ಟು ರೆಪ್ಸ್, ಸೆಟ್ಟು ಮುಗಿದ ಒಂದು ನಿಮಿಷಕ್ಕೆ ನಾಡಿ ಬಡಿತ. ತೂಕವನ್ನು ರೆಪ್ಸಿನಿಂದ ಗುಣಿಸಿದರೆ ಆ ದಿನ ಎತ್ತಿದ ಭಾರ: 16 ಕೆಜಿ, 70 ರೆಪ್ಸ್ ಆದರೆ 1,120 ಕೆಜಿ. ಅದೇ ಕೆಲಸಕ್ಕೆ ಒಂದು ನಿಮಿಷದ ನಂತರದ ನಾಡಿ ವಾರದಿಂದ ವಾರಕ್ಕೆ ಕೆಳಗಿಳಿಯುತ್ತಿದ್ದರೆ ದಮ್ಮು ಬೆಳೆಯುತ್ತಿದೆ.

ಹನ್ನೆರಡು ವಾರ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲ ಮತ್ತು ಮೂರನೇ ದಿನ ಕೆಳಗಿನ ಸಮಯದ ಸೆಟ್ಟುಗಳು. ನಡುವಿನ ದಿನ ಹಗುರ: ಎರಡು ಕೈಯ ತೂಗು ಅರ್ಧ ನಿಮಿಷ, ಬಿಡುವು ಅರ್ಧ ನಿಮಿಷ, ಹೀಗೆ ಹತ್ತು ಸಲ, ಜೊತೆಗೆ ಇಪ್ಪತ್ತು ಬಸ್ಕಿ ಮೂರು ಸಲ, ಅರ್ಧ ಗಂಟೆ ಬಿರುಸಿನ ನಡಿಗೆ. ಪ್ರತಿ ದಿನವೂ ಐದಾರು ನಿಮಿಷ ಮೈ ಬೆಚ್ಚಗೆ ಮಾಡಿಕೊಂಡೇ ಗುಂಡು ಮುಟ್ಟಿ.

1 ಮತ್ತು 2ನೇ ವಾರ: ಒಂದು ನಿಮಿಷ ಬಲಗೈ, ಒಂದು ನಿಮಿಷ ಬಿಡುವು, ಒಂದು ನಿಮಿಷ ಎಡಗೈ, ಒಂದು ನಿಮಿಷ ಬಿಡುವು. ಒಟ್ಟು ಎಂಟು ಸೆಟ್ಟು, ನಿಮಿಷಕ್ಕೆ 6.

3 ಮತ್ತು 4: ಎರಡು ನಿಮಿಷದ ಸೆಟ್ಟು, ನಡುವೆ ಒಂದು ಸಲ ಕೈ ಬದಲು. ಎರಡು ನಿಮಿಷ ಬಿಡುವು. ಐದು ಸೆಟ್ಟು. ಇಲ್ಲಿಗೇ ಹತ್ತು ನಿಮಿಷದ ಕೆಲಸವಾಯಿತು, ತುಂಡುತುಂಡಾಗಿ.

5 ಮತ್ತು 6: ನಾಲ್ಕು ನಿಮಿಷದ ಸೆಟ್ಟು, ನಿಮಿಷಕ್ಕೊಮ್ಮೆ ಕೈ ಬದಲು. ಮೂರು ನಿಮಿಷ ಬಿಡುವು. ಮೂರು ಸೆಟ್ಟು. ಹೆಚ್ಚಿನವರು ಎಡವುವುದು ಇಲ್ಲಿ, ಯಾಕೆಂದರೆ ಮೂರನೇ ನಿಮಿಷದಲ್ಲಿ ‘ಇಟ್ಟುಬಿಡು’ ಎಂಬ ದನಿ ಮೊದಲ ಸಲ ಕೇಳುತ್ತದೆ. ಆಗ ವೇಗ ಇಳಿಸಿ, ರ್‍ಯಾಕ್‌ನಲ್ಲಿ ನಾಲ್ಕು ಉಸಿರು ನಿಲ್ಲಿ, ಗುಂಡು ಇಡಬೇಡಿ. ಆ ನಿಮಿಷಕ್ಕೆ ಮೂರೇ ರೆಪ್ ಆದರೂ ಪರವಾಗಿಲ್ಲ.

7: ಇಳಿಸುವ ವಾರ. ಎರಡು ನಿಮಿಷದ ಸೆಟ್ಟು ಮೂರೇ ಮೂರು. ಮೈ ಹಗುರಾಗಿದೆ ಅನ್ನಿಸಿ ಜಾಸ್ತಿ ಮಾಡುವ ಚಪಲ ಬರುತ್ತದೆ. ಬೇಡ.

8 ಮತ್ತು 9: ಆರು ನಿಮಿಷದ ಸೆಟ್ಟು ಎರಡು, ನಡುವೆ ಐದು ನಿಮಿಷ ಬಿಡುವು. ಕೈ ಬದಲು ಒಂದೂವರೆ ನಿಮಿಷಕ್ಕೆ.

10: ಎಂಟು ನಿಮಿಷದ ಒಂದೇ ಸೆಟ್ಟು, ಎರಡು ನಿಮಿಷಕ್ಕೆ ಕೈ ಬದಲು. ಐದು ನಿಮಿಷ ಬಿಟ್ಟು ಎರಡು ನಿಮಿಷದ ಇನ್ನೊಂದು.

11: ನಾಲ್ಕು ನಿಮಿಷದ ಸೆಟ್ಟು ಎರಡು, ನಿಮಿಷಕ್ಕೆ 8.

12: ವಾರದ ಮೊದಲಲ್ಲಿ ಒಂದು ಹಗುರ ದಿನ, ಎರಡು ದಿನ ವಿಶ್ರಾಂತಿ, ಆಮೇಲೆ ಪರೀಕ್ಷೆ.

ಮುಂದಿನ ಹಂತಕ್ಕೆ ಹೋಗಲು ಅರ್ಹತೆ ಒಂದೇ: ಕೊನೆಯ ನಿಮಿಷದ ರೆಪ್ ಮೊದಲ ನಿಮಿಷದ್ದರಂತೆಯೇ ಕಾಣಬೇಕು. ಕಾಣದಿದ್ದರೆ ಅದೇ ವಾರ ಮತ್ತೊಮ್ಮೆ. ಹನ್ನೆರಡು ಹದಿನಾರಾದರೆ ಯಾರೂ ಜುಲ್ಮಾನೆ ಹಾಕುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ: ಮೊದಲು ಹೊತ್ತು, ಅದು ಪಳಗಿದ ಮೇಲೆ ವೇಗ, ಎಲ್ಲಕ್ಕಿಂತ ಕೊನೆಗೆ ತೂಕ.

ಕೈ ಬದಲಿಸುವುದು ತೂಗಿನಲ್ಲಿ. ಗುಂಡು ಮುಂದಕ್ಕೆ ಬಂದು ಒಂದು ಕ್ಷಣ ತೂಕವಿಲ್ಲದಂತೆ ತೇಲುತ್ತದೆ, ಆಗ ಇನ್ನೊಂದು ಕೈಯನ್ನು ಹಿಡಿಕೆಗೆ ಸೇರಿಸಿ ಮೊದಲನೆಯದನ್ನು ಬಿಡಿ. ಮಕ್ಕಳು, ನಾಯಿ, ಟಿವಿ ಎದುರಿಗಿರಬಾರದು.

ಅಂಗೈ

ಅಂಗೈ ಕಿತ್ತರೆ ಒಂದು ವಾರ ಹೋಯಿತು. ಜಡ್ಡು ಬೇಕು, ಆದರೆ ಎದ್ದು ನಿಂತ ಜಡ್ಡು ಹಿಡಿಕೆಗೆ ಸಿಕ್ಕಿ ಸೀಳುತ್ತದೆ. ಸ್ನಾನದಲ್ಲಿ ಹಿಮ್ಮಡಿ ಉಜ್ಜುವ ಕಲ್ಲಿನಿಂದಲೇ ಅದನ್ನು ಸಮ ಮಾಡಿ, ರಾತ್ರಿ ಕೊಬ್ಬರಿ ಎಣ್ಣೆ ಸವರಿ. ಎಣ್ಣೆ ಕೈಯಲ್ಲಿ ಮಾತ್ರ ಗುಂಡು ಮುಟ್ಟಬೇಡಿ. ಕರಾವಳಿಯ ಸೆಕೆಯಲ್ಲಿ ಬೆವರು ಮಣಿಕಟ್ಟಿನಿಂದ ಅಂಗೈಗೆ ಇಳಿಯುತ್ತದೆ, ಮಣಿಕಟ್ಟಿಗೆ ಬ್ಯಾಂಡ್ ಕಟ್ಟಿ, ಹಿಡಿಕೆಗೆ ಜಿಮ್ನಾಸ್ಟಿಕ್ಸಿನವರು ಬಳಸುವ ಮೆಗ್ನೀಷಿಯಂ ಚಾಕ್ ಹಚ್ಚಿ. ಕೈಗವಸು ಹಾಕಿದರೆ ಹಿಡಿಕೆ ದಪ್ಪವಾಗಿ ಮುಷ್ಟಿ ಬೇಗ ಸೋಲುತ್ತದೆ.

ಯಾವಾಗ ನಿಲ್ಲಿಸಬೇಕು

ಎದೆ ಹಿಡಿದಂತಾದರೆ, ತಲೆ ತಿರುಗಿದರೆ, ಹೆಗಲಲ್ಲಿ ಅಥವಾ ಬೆನ್ನಲ್ಲಿ ಚುಚ್ಚುವ ನೋವು ಬಂದರೆ ಗುಂಡು ಇಡಿ. ನೆಲಕ್ಕಿಡಬಾರದೆಂಬ ನಿಯಮ ಆಗ ಅನ್ವಯಿಸುವುದಿಲ್ಲ. ಎದೆ ನೋವಾದರೆ ತಡಮಾಡದೆ ಆಸ್ಪತ್ರೆಗೆ. ಮಿತಿ ಮೀರಿ ಮಾಡಿದ ಮರುದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೂ ಹಾಗೆಯೇ, ಅದು ಸ್ನಾಯು ಒಡೆದು ಕಿಡ್ನಿಗೆ ಹೊರೆಯಾಗುತ್ತಿರುವ ಸೂಚನೆಯಾಗಿರಬಹುದು. ಬರೀ ಮುಂಗೈ ಉರಿ, ತೊಡೆ ಉರಿ, ಏದುಸಿರು ಇವು ಹೆದರುವಂಥವಲ್ಲ.

ಪರೀಕ್ಷೆಯ ದಿನ

ಮುದ್ದೆ ಉಂಡು ಎದ್ದು ಬರಬೇಡಿ. ಊಟವಾಗಿ ಎರಡು ಮೂರು ಗಂಟೆಯಾಗಿರಲಿ, ಬೇಕಾದರೆ ಮುಂಚೆ ಒಂದು ಬಾಳೆಹಣ್ಣು. ಫ್ಯಾನ್ ಹಾಕಿ, ಫೋನ್ ಇನ್ನೊಂದು ಕೋಣೆಯಲ್ಲಿಡಿ. ಮೈ ಬೆಚ್ಚಗಾದ ಮೇಲೆ ಐದು ನಿಮಿಷ ಸುಮ್ಮನೆ ಕೂತು ಶುರು ಮಾಡಿ.

ಮೊದಲ ನಾಲ್ಕು ನಿಮಿಷ 6. ಐದನೆಯದರಿಂದ ಎಂಟರ ತನಕ 7, ಉಸಿರು ಒಪ್ಪಿದರೆ ಮಾತ್ರ. ಎರಡು ನಿಮಿಷಕ್ಕೊಮ್ಮೆ ಕೈ ಬದಲು. ಆರು, ಏಳನೇ ನಿಮಿಷದಲ್ಲಿ ಮನಸ್ಸು ಚೌಕಾಸಿಗೆ ಇಳಿಯುತ್ತದೆ; ಆಗ ಮುಳ್ಳನ್ನು ನೋಡುವುದು ಬಿಟ್ಟು ರ್‍ಯಾಕ್‌ನ ಉಸಿರು ಮಾತ್ರ ಎಣಿಸಿ. ಒಂಬತ್ತನೆಯದರಲ್ಲಿ ಮೈಯಲ್ಲಿ ಉಳಿದಿದ್ದರೆ 8. ಕೊನೆಯ ನಿಮಿಷದಲ್ಲಿ ಎಷ್ಟಾದರಷ್ಟು, ನಿಲುಗಡೆ ಮಾತ್ರ ಸ್ತಬ್ಧವಾಗಿರಲಿ.

ಮುಗಿದ ಕೂಡಲೇ ಕೂರಬೇಡಿ, ಮೂರ್ನಾಲ್ಕು ನಿಮಿಷ ಅಡ್ಡಾಡಿ, ಒಂದು ನಿಮಿಷಕ್ಕೆ ನಾಡಿ ಎಣಿಸಿ ಬರೆಯಿರಿ. ಒಂದು ವಾರ ಹಗುರವಾಗಿದ್ದು, ನಂತರ ಎರಡು ದಾರಿ. ಅದೇ ಗುಂಡಿನಲ್ಲಿ ಐದು ನಿಮಿಷ ಬಲಗೈ, ಐದು ನಿಮಿಷ ಎಡಗೈ, ಪಂದ್ಯದಲ್ಲಿರುವಂತೆ ಒಂದೇ ಒಂದು ಸಲ ಕೈ ಬದಲಿಸಿ ಮಾಡುವುದು ಮೊದಲನೆಯದು. ಇಲ್ಲವೇ 4 ಕೆಜಿ ಹೆಚ್ಚಿನ ಗುಂಡು ತಂದು ಮತ್ತೆ ಮೂರನೇ ವಾರದಿಂದ, ಎರಡು ನಿಮಿಷದ ಸೆಟ್ಟಿನಿಂದ. ನಾನಾದರೆ ಮೊದಲನೆಯದನ್ನು ಮುಗಿಸಿಯೇ ಅಂಗಡಿಗೆ ಹೋಗುತ್ತೇನೆ. ಮೂಲೆಯಲ್ಲಿ ಕೂತಿದ್ದ ಆ 20 ಕೆಜಿ ಗುಂಡನ್ನು ನಾನು ಮತ್ತೆ ಮುಟ್ಟಿದ್ದು ಏಳು ತಿಂಗಳ ನಂತರ.